ಕಂದಕದ ದಂಡೆಯಲ್ಲಿ ಒಮ್ಮೆ ನಿಲ್ಲಿ

ಬಸ್ ಸ್ಟ್ಯಾಂಡಿನಿಂದ ಹೊರಟು ಕೋಟೆಯ ಕಂದಕದ ಬದಿಯಲ್ಲೇ ದಿನವೂ ಹಾದುಹೋಗುವ ಬೆಳಗಾವಿಯ ಬಂಧುಗಳೇ, ಆ ಗೋಡೆಯ ಹಿರಿಮೆ ನಿಮಗೆ ಗೊತ್ತಿದೆ. 13ನೆಯ ಶತಮಾನದ ಮೊದಲಲ್ಲಿ ರಟ್ಟರು ಸವದತ್ತಿಯಿಂದ ಈ ವೇಣುಗ್ರಾಮಕ್ಕೆ ರಾಜಧಾನಿಯನ್ನೇ ತಂದರು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಮಲ ಬಸದಿ ಕಟ್ಟಿಸಿದ. ಆಮೇಲೆ ಯಾದವರು ಬಂದರು, ವಿಜಯನಗರ ಬಂತು, ಮಹಮೂದ್ ಗವಾನನ ಬಹಮನಿ ಸೇನೆ ಬಂತು, ಆದಿಲ್‌ಶಾಹಿಗಳು, ಮರಾಠರು, 1818ರಲ್ಲಿ ಇಂಗ್ಲಿಷರು ಬಂದರು. ಹಳೆಯ ಗುಡಿಗಳ ಕೆತ್ತನೆಯ ಕಲ್ಲು ಕೋಟೆಗೋಡೆಯಲ್ಲಿ ಇಂದಿಗೂ ಇದೆ, ಸಫಾ ಮಸೀದಿಯ ಕಂಬದ ಮೇಲೆ ಹಳೆಯ ಶಾಸನ ಇಂದಿಗೂ ಇದೆ.

ನಿಮಗೆ ಗೊತ್ತಿದೆ. ಆದರೂ ಕಂದಕಕ್ಕೆ ಕಸ ಬೀಳುವಾಗ, ಆಲದ ಬೇರು ಗೋಡೆಯ ಸಂದಿಗೆ ಇಳಿಯುವಾಗ, ಯಾರೋ ಹುಡುಗ ಕಲ್ಲಿನ ಮೇಲೆ ತನ್ನ ಹೆಸರು ಕೆತ್ತುವಾಗ ಮುಖ ತಿರುಗಿಸುತ್ತೀರಿ. ಕಮಲ ಬಸದಿಯ ದತ್ತಿ ಹೇಳುವ ಎರಡು ಕನ್ನಡ ಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವು ಕಡಲು ದಾಟಿದಾಗ ತಡೆಯುವ ಅಧಿಕಾರ ನಮ್ಮ ಹಿರಿಯರಿಗಿರಲಿಲ್ಲ; ಈಗ ಉಳಿದದ್ದು ಅಳಿದರೆ ಯಾರನ್ನು ದೂರೋಣ?

ಅರಸರ ಹೆಸರು ಪುಸ್ತಕಗಳಲ್ಲಿ ಉಳಿದೀತು. ಆದರೆ ಬಿಸಿಲಲ್ಲಿ ಕಂದಕ ತೋಡಿದವರಿಗೆ, ಕಲ್ಲು ಹೊತ್ತ ತಾಯಂದಿರಿಗೆ, ಕಮಲದ ಎಸಳು ಬಿಡಿಸಿದ ಕಲ್ಕುಟಿಗನಿಗೆ ಆ ಉಳಿಯ ಗುರುತಲ್ಲದೆ ಬೇರೆ ಸಾಕ್ಷಿಯಿಲ್ಲ, ಅವರ ಪರವಾಗಿ ಮಾತಾಡಲು ನಿಮ್ಮನ್ನು ಬಿಟ್ಟರೆ ಬೇರೆ ಬಾಯಿಯಿಲ್ಲ.

ಖಾನಾಪುರದ ಬಂಧುಗಳೇ, ನಿಮಗೂ ಗೊತ್ತಿದೆ. ಕದಂಬರ ಪಲಾಶಿಕೆ ನಿಮ್ಮ ಹಲಸಿಯೇ. ಗೋವೆಯ ಪೋರ್ಚುಗೀಸರತ್ತ ಕಣ್ಣಿಟ್ಟು ನಿಂತ ಭೀಮಗಡವೂ ನಿಮ್ಮದೇ. 2011ರಲ್ಲಿ ಅಭಯಾರಣ್ಯವಾಗಿ ಕಾಡಿಗೆ ಕಾವಲು ಸಿಕ್ಕಿತು. ಕೋಟೆಗೆ ನಿಮ್ಮ ಕಾಳಜಿಯೂ ಬೇಕು. ಹೊಲ ಉಳುವಾಗ, ಪಾಯ ತೋಡುವಾಗ ವೀರಗಲ್ಲೋ ಅಕ್ಷರದ ಕಲ್ಲೋ ಸಿಕ್ಕರೆ ಅದನ್ನು ಒಗೆಯುವ ಕಲ್ಲು ಮಾಡಬೇಡಿ, ಮಾರಬೇಡಿ. ಪುರಾತತ್ವ ಇಲಾಖೆಗೆ ತಿಳಿಸಿ.

ಈ ಗಡಿ ಯಾರದೆಂದು ಬೀದಿಯಲ್ಲಿ ಎಷ್ಟು ಸಲ ದನಿಯೆತ್ತಿದ್ದೇವೆ! ಎಂಟು ನೂರು ವರ್ಷ ಈ ಗಡಿಯಲ್ಲಿ ನಿಂತ ಕೋಟೆಗಾಗಿ ಅದೇ ದನಿಯನ್ನು ಜೊತೆಯಾಗಿ ಎತ್ತಲಾರೆವೇ? ಮನೆಯಲ್ಲಿ ಕನ್ನಡವಿರಲಿ, ಮರಾಠಿಯಿರಲಿ, ಉರ್ದುವಿರಲಿ, ನಿಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ; ಬಸದಿಯನ್ನೂ ಮಸೀದಿಯನ್ನೂ ಬಾಗಿಲ ಬಳಿಯ ದುರ್ಗೆಯ ಗುಡಿಯನ್ನೂ ತೋರಿಸಿ, ಇದೆಲ್ಲ ನಿನ್ನದೇ ಎನ್ನಿ. ಕಸ ಎಸೆಯುವ ಕೈಯನ್ನು ಮೆತ್ತಗೆ ಹಿಡಿದು ಬೇಡವೆನ್ನಿ. ನಿಮಗೆ ಗೊತ್ತಿದೆ, ಗೊತ್ತಿದ್ದವರೇ ಕಾಯಬೇಕು.