ಮದುವೆಯ ಕಾಗದಕ್ಕೆ ಗಡಿಯಲ್ಲಿ ಬೆಲೆಯೆಷ್ಟು?

ಯುರೋಪಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಈಗ ಒಂದು ಹೊಸ ಬಗೆಯ ಮನೆ ಕಾಣಿಸಿಕೊಳ್ಳುತ್ತಿದೆ. ಗಂಡನ ಬಳಿ ಜರ್ಮನಿಯ ಪಾಸ್‌ಪೋರ್ಟ್, ಹೆಂಡತಿಯ ಬಳಿ ಭಾರತದ್ದು. ಕೆಲವು ಮನೆಗಳಲ್ಲಿ ಇದರ ತಿರುವುಮುರುವು. ಜರ್ಮನಿಯು 2024ರ ಜೂನ್ 27ರಿಂದ ಒಬ್ಬರೇ ಎರಡು ಪೌರತ್ವ ಹೊಂದಲು ಅವಕಾಶ ನೀಡಿದೆ. ಆದರೆ ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಪರದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದೊಡನೆ ಭಾರತದ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ಆದ್ದರಿಂದ ದಂಪತಿಗಳಲ್ಲಿ ಒಬ್ಬರು ಅಲ್ಲಿಯವರಾಗುತ್ತಾರೆ. ಊರಿನಲ್ಲಿರುವ ವಯಸ್ಸಾದ ತಂದೆತಾಯಿಯರನ್ನೂ ಹೊಲಮನೆಯನ್ನೂ ನೆನೆದು ಇನ್ನೊಬ್ಬರು ಇಲ್ಲಿಯವರಾಗಿಯೇ ಉಳಿಯುತ್ತಾರೆ. ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ನಮ್ಮ ಸಾಯಗಾಂವದಂಥ ಗಡಿಯ ಹೋಬಳಿಗೂ ಈ ಲೆಕ್ಕಾಚಾರ ಈಗ ಅಪರಿಚಿತವಲ್ಲ. ನಿವೃತ್ತ ಅಧಿಕಾರಿ ಎಂಬ ಕಾರಣಕ್ಕೆ ಇಂಥ ಮನೆಗಳ ಹಿರಿಯರು ನನ್ನನ್ನು ಕೇಳುವುದುಂಟು: ಸೊಸೆಯು ಮಗನ ಜೊತೆಯಲ್ಲಿ ಯುರೋಪಿನ ಇನ್ನೊಂದು ದೇಶಕ್ಕೆ ಹೋಗಬೇಕಾದರೆ ವೀಸಾ ಬೇಕೇ, ಬೇಡವೇ?

ಉತ್ತರವು ಆಕೆಯ ಪಾಸ್‌ಪೋರ್ಟಿನಲ್ಲಿಲ್ಲ. ಆಕೆಯ ಗಂಡನ ಹಕ್ಕಿನಲ್ಲಿದೆ. ಈ ವ್ಯತ್ಯಾಸ ಸಣ್ಣದಲ್ಲವೆಂಬುದು ನನ್ನ ಅಭಿಪ್ರಾಯ; ನಮ್ಮ ದೇಶದ ಕಾನೂನು ರೂಪಿಸುವವರು ಕಲಿಯಬೇಕಾದುದೂ ಇದನ್ನೇ.

ಯುರೋಪಿಯನ್ ಒಕ್ಕೂಟದ 2004ರ ಏಪ್ರಿಲ್ 29ರ ನಿರ್ದೇಶನ ಈ ವಿಷಯದ ಮೂಲ ದಾಖಲೆ. ಅದರ ಸಂಖ್ಯೆ 2004/38. ಒಕ್ಕೂಟದ ಪ್ರಜೆಯೊಬ್ಬ ತನ್ನ ದೇಶವನ್ನು ಬಿಟ್ಟು ಇನ್ನೊಂದು ಸದಸ್ಯ ದೇಶದಲ್ಲಿ ನೆಲೆಸಿದಾಗ, ಪರದೇಶದ ಪ್ರಜೆಯಾದ ಅವನ ಪತ್ನಿಗೆ ಆ ದೇಶವು ಒಂದು ನಿವಾಸ ಕಾರ್ಡ್ ಕೊಡಬೇಕು. ಅರ್ಜಿ ಹಾಕಿದ ಆರು ತಿಂಗಳೊಳಗೆ ಕೊಡಬೇಕು. ಸಾಮಾನ್ಯವಾಗಿ ಅದರ ಅವಧಿ ಐದು ವರ್ಷ. ಅಂಥ ಕಾರ್ಡ್ ಇದ್ದವಳು ಗಂಡನ ಜೊತೆಯಲ್ಲಿ, ಅಥವಾ ಗಂಡನನ್ನು ಸೇರಿಕೊಳ್ಳಲು, ಮತ್ತೊಂದು ಸದಸ್ಯ ದೇಶಕ್ಕೆ ಹೋಗುವಾಗ ವೀಸಾ ಪಡೆಯಬೇಕಾಗಿಲ್ಲ. ಕಾರ್ಡ್ ಇಲ್ಲದಿದ್ದರೆ ವೀಸಾ ಬೇಕು, ಆದರೆ ಅದಕ್ಕೆ ಶುಲ್ಕವಿಲ್ಲ. ಅದನ್ನು ಆದಷ್ಟು ಬೇಗ ಕೊಡಬೇಕೆಂದು ನಿರ್ದೇಶನವೇ ಹೇಳುತ್ತದೆ. ಸಾಮಾನ್ಯ ಭಾರತೀಯ ಪ್ರವಾಸಿ ಷೆಂಗೆನ್ ವೀಸಾಕ್ಕಾಗಿ 2024ರ ಜೂನ್‌ನಿಂದ 90 ಯೂರೊ ಕಟ್ಟಿ, ಬ್ಯಾಂಕಿನ ಲೆಕ್ಕಪಟ್ಟಿ, ಹೋಟೆಲಿನ ಕಾಯ್ದಿರಿಸುವಿಕೆ, ಮರಳಿ ಬರುವ ಟಿಕೆಟ್ಟು ಎಲ್ಲವನ್ನೂ ಜೋಡಿಸಬೇಕು. ಈಕೆ ತೋರಿಸಬೇಕಾದದ್ದು ಪಾಸ್‌ಪೋರ್ಟ್, ಮದುವೆಯ ಪ್ರಮಾಣಪತ್ರ, ಗಂಡನ ಪೌರತ್ವದ ಪುರಾವೆ ಹಾಗೂ ತಾನು ಅವನೊಂದಿಗೆ ಹೋಗುತ್ತಿರುವುದಕ್ಕೆ ಆಧಾರ, ಇಷ್ಟೇ. ದಂಪತಿಗಳ ಆಶ್ರಯದಲ್ಲಿರುವ ತಂದೆತಾಯಿ, ಅತ್ತೆಮಾವಂದಿರೂ ಈ ನಿರ್ದೇಶನದ 'ಕುಟುಂಬ'ದೊಳಗೆ ಬರುತ್ತಾರೆಂಬುದು ನಮ್ಮ ಅನೇಕರಿಗೆ ತಿಳಿದಿಲ್ಲ.

ಇಷ್ಟು ಉದಾರತೆ ಎಲ್ಲಿಂದ ಬಂತು? ಔದಾರ್ಯದಿಂದಲ್ಲ, ಅರ್ಥಶಾಸ್ತ್ರದಿಂದ. 1957ರ ರೋಮ್ ಒಪ್ಪಂದವು ಸರಕು, ಬಂಡವಾಳ, ಸೇವೆಗಳ ಜೊತೆಗೆ ಕಾರ್ಮಿಕರ ಮುಕ್ತ ಚಲನೆಯನ್ನೂ ಬಯಸಿತ್ತು. ಕಾಲೇಜಿನಲ್ಲಿ ನಾವು ಶ್ರಮವನ್ನು ಉತ್ಪಾದನೆಯ ಒಂದು ಅಂಶವೆಂದು ಓದಿದೆವು. ಆ ಅಂಶಕ್ಕೆ ಹೆಂಡತಿ ಮಕ್ಕಳಿರುತ್ತಾರೆಂದು ಪಠ್ಯಪುಸ್ತಕ ಹೇಳಿರಲಿಲ್ಲ. ಹೆಂಡತಿಯನ್ನು ಗಡಿಯಲ್ಲಿ ತಡೆದರೆ ಕಾರ್ಮಿಕನೂ ಗಡಿ ದಾಟುವುದಿಲ್ಲವೆಂಬುದನ್ನು ಯುರೋಪಿನವರು 1968ರಷ್ಟು ಹಿಂದೆಯೇ ನಿಯಮವಾಗಿ ಬರೆದರು. ಎಂದರೆ ಪತ್ನಿಯ ಪ್ರವೇಶವು ಪತ್ನಿಗೆ ಕೊಟ್ಟ ಕೃಪೆಯಲ್ಲ. ಪ್ರಜೆಯ ಸ್ವಂತ ಹಕ್ಕಿನ ಒಂದು ಭಾಗ.

ಈ ತತ್ತ್ವವನ್ನು ಗಟ್ಟಿಗೊಳಿಸಿದ ಮೊಕದ್ದಮೆಗಳಲ್ಲಿ ಮುಖ್ಯವಾದುದೊಂದು ಭಾರತೀಯನೊಬ್ಬನದು ಎಂಬುದು ಸಂತೋಷದ ಸಂಗತಿ. ಸುರಿಂದರ್ ಸಿಂಗ್ ಎಂಬಾತ 1982ರಲ್ಲಿ ಬ್ರಿಟಿಷ್ ಪ್ರಜೆಯನ್ನು ವಿವಾಹವಾದ. ದಂಪತಿಗಳು 1983ರಿಂದ 1985ರವರೆಗೆ ಜರ್ಮನಿಯಲ್ಲಿ ದುಡಿದು, ಬ್ರಿಟನ್ನಿಗೆ ಮರಳಿ ವ್ಯಾಪಾರ ಹೂಡಿದರು. ಅನಂತರ ದಾಂಪತ್ಯ ಮುರಿಯುವ ಹಂತಕ್ಕೆ ಬಂದಾಗ ಬ್ರಿಟನ್ ಅವನನ್ನು ಹೊರಹಾಕಲು ಹೊರಟಿತು. ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ 1992ರ ಜುಲೈ 7ರಂದು ನೀಡಿದ ತೀರ್ಪಿನ ಸಾರ ಸರಳವಾಗಿದೆ: ಮರಳಿ ಬರುವಾಗ ಗಂಡನನ್ನು ಕರೆತರಲಾಗದು ಎಂದಾದರೆ ಯಾವ ಹೆಂಡತಿಯೂ ದುಡಿಯಲು ಹೊರದೇಶಕ್ಕೆ ಹೋಗಲಾರಳು, ಆದ್ದರಿಂದ ಸ್ವದೇಶಕ್ಕೆ ಮರಳುವವಳಿಗೂ ಆ ಹಕ್ಕು ಉಂಟು.

ಆಡಳಿತಗಾರನ ದೃಷ್ಟಿಯಿಂದ ನನಗೆ ಹೆಚ್ಚು ಮಹತ್ತ್ವದ್ದೆನಿಸುವುದು 2014ರ ಡಿಸೆಂಬರ್ 18ರ ಮೆಕಾರ್ಥಿ ತೀರ್ಪು. ಗಂಡ ಬ್ರಿಟಿಷ್ ಮತ್ತು ಐರಿಷ್ ಪ್ರಜೆ, ಹೆಂಡತಿ ಕೊಲಂಬಿಯಾದವಳು, ವಾಸ ಸ್ಪೇನ್‌ನಲ್ಲಿ. ಆಕೆಯ ಬಳಿ ಸ್ಪೇನ್ ಕೊಟ್ಟ ನಿವಾಸ ಕಾರ್ಡ್ ಇತ್ತು. ಆದರೂ ಬ್ರಿಟನ್ನಿಗೆ ಹೋಗುವ ಮೊದಲು ಬೇರೊಂದು ಪರವಾನಗಿ ಪಡೆಯಬೇಕೆಂಬುದು ಬ್ರಿಟನ್ನಿನ ಪಟ್ಟು. ಸುಳ್ಳು ಮದುವೆಗಳೂ ನಕಲಿ ಕಾರ್ಡುಗಳೂ ಇರುವುದರಿಂದ ಎಲ್ಲರನ್ನೂ ಮುಂಚಿತವಾಗಿ ಪರೀಕ್ಷಿಸಬೇಕೆಂದು ಅದು ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ವಂಚನೆಯ ಸಂದೇಹವಿದ್ದರೆ ಆ ವ್ಯಕ್ತಿಯ ಪ್ರಕರಣವನ್ನು ಪರಿಶೀಲಿಸಿ. ಕೆಲವರು ವಂಚಿಸಬಹುದೆಂದು ಎಲ್ಲರ ಹಕ್ಕನ್ನೂ ತಡೆಹಿಡಿಯುವಂತಿಲ್ಲ ಎಂದಿತು.

ಸರ್ಕಾರಿ ಸೇವೆಯಲ್ಲಿ ಬಹುಕಾಲ ಕಳೆದವನಿಗೆ ಈ ವಾಕ್ಯದ ತೂಕ ತಿಳಿಯುತ್ತದೆ. ನಮ್ಮ ಕಚೇರಿಗಳಲ್ಲಿ ಒಂದು ನಕಲಿ ಪ್ರಮಾಣಪತ್ರ ಸಿಕ್ಕಿಬಿದ್ದರೆ ಮರುದಿನ ಸುತ್ತೋಲೆ ಹೊರಡುತ್ತದೆ, ಎಲ್ಲ ಅರ್ಜಿದಾರರೂ ಮತ್ತೆರಡು ದಾಖಲೆ ತರಬೇಕಾಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ವಂಚಕನಿಗೆ ಆ ಎರಡು ದಾಖಲೆಗಳನ್ನು ಸೃಷ್ಟಿಸುವುದು ಕಷ್ಟವಲ್ಲ. ದಿನಗೂಲಿ ಕಳೆದುಕೊಂಡು ತಾಲ್ಲೂಕು ಕೇಂದ್ರಕ್ಕೆ ಅಲೆಯುವವನು ಪ್ರಾಮಾಣಿಕ. ಸಂದೇಹದ ವೆಚ್ಚವನ್ನು ಯಾರು ಭರಿಸುತ್ತಾರೆಂದು ನಮ್ಮ ಸುತ್ತೋಲೆಗಳು ಎಂದೂ ಲೆಕ್ಕ ಹಾಕಿದ್ದಿಲ್ಲ.

ಯುರೋಪಿನ ವ್ಯವಸ್ಥೆ ದೋಷಮುಕ್ತವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ವಿಚಿತ್ರವಾದ ಕಂದಕಗಳಿವೆ, ನಮ್ಮವರು ಬೀಳುವುದೂ ಅಲ್ಲಿಯೇ. ಜರ್ಮನ್ ಪೌರತ್ವ ಪಡೆದವನು ಜರ್ಮನಿಯಲ್ಲಿಯೇ ವಾಸವಿದ್ದರೆ ಅವನ ಭಾರತೀಯ ಪತ್ನಿಗೆ ಸಿಗುವುದು ಜರ್ಮನ್ ಕಾನೂನಿನ ನಿವಾಸ ಪರವಾನಗಿ, ನಿರ್ದೇಶನದ ಕಾರ್ಡ್ ಅಲ್ಲ. ಆ ಪರವಾನಗಿಯ ಬಲದಿಂದ ಆಕೆ ಇಂದು 29 ದೇಶಗಳಿರುವ ಷೆಂಗೆನ್ ವಲಯದ ಇತರೆಡೆಗಳಲ್ಲಿ 180 ದಿನಗಳಲ್ಲಿ 90 ದಿನ ಓಡಾಡಬಹುದು. ಆದರೆ ಒಕ್ಕೂಟದಲ್ಲಿದ್ದೂ ಷೆಂಗೆನ್‌ಗೆ ಸೇರದ ಐರ್ಲೆಂಡಿಗೆ ಹೊರಟರೆ ಆಕೆಗೆ ವೀಸಾ ಬೇಕು. ಅದೇ ದಂಪತಿಗಳು ಜರ್ಮನಿಯ ಬದಲು ನೆದರ್ಲೆಂಡ್ಸ್‌ನಲ್ಲಿ ನೆಲೆಸಿದ್ದರೆ, ಕಾರ್ಡ್ ಇರುವ ಪತ್ನಿ ಗಂಡನ ಜೊತೆಯಲ್ಲಿ ವೀಸಾ ಇಲ್ಲದೆಯೇ ಡಬ್ಲಿನ್ನಿನಲ್ಲಿ ಇಳಿಯಬಹುದು. ಸ್ವಂತ ದೇಶದಲ್ಲಿ ಉಳಿದವನಿಗಿಂತ ಪಕ್ಕದ ದೇಶಕ್ಕೆ ಹೋದವನ ಹೆಂಡತಿಗೆ ಹೆಚ್ಚಿನ ಅನುಕೂಲ! ಬ್ರಿಟನ್ನಿನ ಮಾತು ಬೇರೆ: 2020ರ ಡಿಸೆಂಬರ್ 31ಕ್ಕೆ ಸಂಕ್ರಮಣ ಅವಧಿ ಮುಗಿದ ಮೇಲೆ ಅಲ್ಲಿಗೆ ಪ್ರವಾಸ ಹೋಗುವ ಭಾರತೀಯ ಸೊಸೆಗೆ ಈ ಕಾರ್ಡಿನಿಂದ ಪ್ರಯೋಜನವಿಲ್ಲ.

ಇನ್ನೊಂದು ತೊಡಕು ವಿಮಾನ ಕಂಪನಿಗಳದು. ನಿಯಮ ಓದದ ಸಿಬ್ಬಂದಿ ಕಾರ್ಡ್ ನೋಡಿಯೂ ಪ್ರಯಾಣಿಕರನ್ನು ಹತ್ತಿಸದಿರಬಹುದು. ಹತ್ತಿಸಿದರೆ ತಮಗೆ ದಂಡ ಬಿದ್ದೀತೆಂಬ ಭಯ. 2017ರ ಅಕ್ಟೋಬರ್‌ನಲ್ಲಿ ಲಂಡನ್ನಿನಿಂದ ಬುಡಾಪೆಸ್ಟ್‌ಗೆ ಬಂದ ಉಕ್ರೇನ್ ಪ್ರಜೆಯೊಬ್ಬರ ಬಳಿ ಬ್ರಿಟನ್ ಕೊಟ್ಟಿದ್ದ ಕಾಯಂ ನಿವಾಸ ಕಾರ್ಡ್ ಇತ್ತು, ವೀಸಾ ಇರಲಿಲ್ಲ. ಹಂಗೇರಿಯ ಪೊಲೀಸರು ವಿಮಾನ ಕಂಪನಿಗೆ 3,000 ಯೂರೊ ದಂಡ ಹಾಕಿದರು. ಕಾಯಂ ಕಾರ್ಡಿಗೂ ವೀಸಾ ವಿನಾಯಿತಿ ಅನ್ವಯಿಸುತ್ತದೆಂದು ನ್ಯಾಯಾಲಯ 2020ರ ಜೂನ್ 18ರಂದು ತೀರ್ಮಾನಿಸಿತು. ಪ್ರಯಾಣಿಸುವವರು ನಿರ್ದೇಶನದ 5ನೇ ವಿಧಿಯ ಪ್ರತಿಯೊಂದನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ನಮ್ಮ ಮನೆಯತ್ತ ನೋಡೋಣ. ಭಾರತದ ಪ್ರಜೆಯೊಬ್ಬಳು ಜರ್ಮನ್ ಅಥವಾ ಬ್ರೆಜಿಲ್ ಪ್ರಜೆಯನ್ನು ಮದುವೆಯಾಗಿ ಬೆಂಗಳೂರಿನಲ್ಲೋ ಬೀದರಿನಲ್ಲೋ ಸಂಸಾರ ಹೂಡಿದರೆ ಅವನ ಸ್ಥಿತಿಯೇನು? 2015ರ ತಿದ್ದುಪಡಿಯ ಪ್ರಕಾರ ಅವನು ಓಸಿಐ ಕಾರ್ಡ್ ಪಡೆಯಬಹುದು. ಆದರೆ ಮದುವೆ ನೋಂದಣಿಯಾಗಿರಬೇಕು, ಅರ್ಜಿಗೆ ಮೊದಲು ಸತತವಾಗಿ ಎರಡು ವರ್ಷ ಬಾಳಿರಬೇಕು, ಭದ್ರತಾ ಅನುಮತಿ ದೊರೆಯಬೇಕು. ಆ ಎರಡು ವರ್ಷ, ದಾಂಪತ್ಯದ ಮೊದಲ ಮತ್ತು ಅತ್ಯಂತ ನಾಜೂಕಿನ ಎರಡು ವರ್ಷ, ಅವನು ವೀಸಾದ ಮೇಲೆ ಬದುಕಬೇಕು. ಪೌರತ್ವ ಬೇಕಾದರೆ ಏಳು ವರ್ಷಗಳ ವಾಸ. ಇದೆಲ್ಲಕ್ಕಿಂತ ನನಗೆ ಕಠಿಣವೆನಿಸುವುದು ಕಾಯ್ದೆಯ 7ಡಿ ಸೆಕ್ಷನ್: ವಿವಾಹ ವಿಚ್ಛೇದನವಾದರೆ ಓಸಿಐ ನೋಂದಣಿಯನ್ನು ರದ್ದು ಮಾಡಬಹುದು. ಯುರೋಪಿನ ನಿರ್ದೇಶನದಲ್ಲಿ, ಮದುವೆ ಮೂರು ವರ್ಷ ಬಾಳಿ, ಅದರಲ್ಲಿ ಒಂದು ವರ್ಷವನ್ನು ಆ ದೇಶದಲ್ಲಿ ಕಳೆದಿದ್ದರೆ, ವಿಚ್ಛೇದನದ ಅನಂತರವೂ ವಾಸದ ಹಕ್ಕು ಉಳಿಯುತ್ತದೆ. ಹತ್ತು ವರ್ಷ ಇಲ್ಲಿ ಬಾಳಿ ಮಕ್ಕಳನ್ನು ಬೆಳೆಸಿದ ಪರದೇಶಿ ತಾಯಿಯ ಕಾರ್ಡು ಗಂಡನ ವಿಚ್ಛೇದನದ ಅರ್ಜಿಯ ಮೇಲೆ ನಿಂತಿರುವುದಾದರೆ, ಆ ಮನೆಯಲ್ಲಿ ಅವಳ ಮಾತಿಗೆ ಎಷ್ಟು ಬೆಲೆಯಿರುತ್ತದೆ ಎಂಬುದನ್ನು ಊಹಿಸಬಹುದು.

ಭದ್ರತೆಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. 2025ರ ಏಪ್ರಿಲ್ 22ರ ಪಹಲ್ಗಾಮ್ ಹತ್ಯಾಕಾಂಡದ ಬಳಿಕ ಕೇಂದ್ರವು ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು ರದ್ದುಪಡಿಸಿದಾಗ ದೇಶದ ಮನಸ್ಥಿತಿ ಹೇಗಿತ್ತೆಂಬುದನ್ನು ಬಲ್ಲೆವು. ಆದರೂ ಅಟ್ಟಾರಿಯ ಗಡಿಯಲ್ಲಿ ತಾಯಿಯ ಪಾಸ್‌ಪೋರ್ಟ್ ಒಂದು ದೇಶದ್ದು, ಮಕ್ಕಳದು ಇನ್ನೊಂದು ದೇಶದ್ದು ಎಂಬ ಕಾರಣಕ್ಕೆ ಕುಟುಂಬಗಳು ಎರಡಾದದ್ದು ಸುಳ್ಳಲ್ಲ. ಯುರೋಪಿನ ನಿರ್ದೇಶನವೂ ಭದ್ರತೆಗಾಗಿ ಪ್ರವೇಶ ನಿರಾಕರಿಸುವ ಅಧಿಕಾರವನ್ನು ಉಳಿಸಿಕೊಂಡಿದೆ. ಆದರೆ ಅದಕ್ಕೆ ಆಧಾರ ಆ ವ್ಯಕ್ತಿಯ ಸ್ವಂತ ನಡತೆಯಾಗಿರಬೇಕು, ಕಾರಣವನ್ನು ಲಿಖಿತವಾಗಿ ತಿಳಿಸಬೇಕು, ಮೇಲ್ಮನವಿಗೆ ಅವಕಾಶವಿರಬೇಕು.

ಗಂಡನ ಮನೆಗೆ ಬಂದವಳ ಕಾಗದಗಳು ಗಡಿಯಲ್ಲಿಯೇ ನಿಂತುಬಿಡುವ ಈ ಪಾಡು ಅಂತರರಾಷ್ಟ್ರೀಯ ಮದುವೆಗಳಿಗೆ ಮಾತ್ರ ಸೀಮಿತವಲ್ಲ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ನಮ್ಮ ಭಾಲ್ಕಿ, ಔರಾದಗಳ ಜೊತೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿಯೇ ಇದ್ದವು. ರಾಜ್ಯ ಪುನರ್ವಿಂಗಡಣೆಯಾದಾಗ ಆ ಮೂರು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು, ಈಗ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿವೆ. ರೋಟಿ-ಬೇಟಿ ಸಂಬಂಧ ಮಾತ್ರ ಗೆರೆಯನ್ನು ಕೇಳಲಿಲ್ಲ. ಸಾಯಗಾಂವದ ಕಡೆಗೆ ಆ ಕಡೆಯಿಂದ ಸೊಸೆಯಂದಿರು ಬರುತ್ತಾರೆ, ಈ ಕಡೆಯ ಹೆಣ್ಣುಮಕ್ಕಳು ಅಲ್ಲಿಗೆ ಹೋಗುತ್ತಾರೆ. ಮನೆಯಲ್ಲಿ ಮರಾಠಿಯೂ ಕನ್ನಡವೂ ಒಟ್ಟಿಗೆ ನಡೆಯುತ್ತವೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ 2022ರ ವೇಳೆಗೆ ಎಲ್ಲ ರಾಜ್ಯಗಳನ್ನೂ ತಲುಪಿದ್ದರಿಂದ ಆಕೆಯ ಅಕ್ಕಿ ಗೋಧಿ ಗಡಿ ದಾಟುತ್ತವೆ. ಆದರೆ ಪರಿಶಿಷ್ಟ ಜಾತಿಯ ಹೆಣ್ಣುಮಗಳ ಜಾತಿ ಪ್ರಮಾಣಪತ್ರ ದಾಟುವುದಿಲ್ಲ. ಪಂಜಾಬಿನಲ್ಲಿ ಹುಟ್ಟಿ ಉತ್ತರಾಖಂಡದ ಸ್ವಜಾತಿಯವನನ್ನು ಮದುವೆಯಾದ ರಂಜನಾ ಕುಮಾರಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೀಗೆಯೇ ತೀರ್ಮಾನಿಸಿತು: ಎರಡೂ ರಾಜ್ಯಗಳ ಪಟ್ಟಿಯಲ್ಲಿ ಅದೇ ಜಾತಿ ಇದ್ದರೂ ವಲಸೆ ಬಂದವಳಿಗೆ ಹೊಸ ರಾಜ್ಯದಲ್ಲಿ ಆ ಸ್ಥಾನ ಸಿಗದು. ಹಿಂದುಳಿದಿರುವಿಕೆಯನ್ನು ಸ್ಥಳಕ್ಕೆ ಹೊಂದಿಸಿ ಅಳೆಯಬೇಕೆಂಬ ನ್ಯಾಯಾಲಯದ ತರ್ಕ ದೂರದ ವಲಸೆಗೆ ಒಪ್ಪುತ್ತದೆ. ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ, ಒಂದೇ ಜಾತಿಯೊಳಗೆ, ಗಂಡನ ಮನೆಗೆ ಬಂದವಳಿಗೆ ಅದು ಹೇಗೆ ಒಪ್ಪುತ್ತದೆ? ಸಂವಿಧಾನದ 341ನೇ ವಿಧಿಯಡಿ ಸಂಸತ್ತು ಮಾತ್ರ ಇದಕ್ಕೆ ಪರಿಹಾರ ಕೊಡಬಲ್ಲದು.

ಪರದೇಶಿ ಸಂಗಾತಿಗಳ ವಿಷಯದಲ್ಲಿ ಕೆಲಸ ಇನ್ನೂ ಸುಲಭ. ವಿಚ್ಛೇದನದ ನಿಯಮವನ್ನು ಬದಲಿಸಲು, ಎರಡು ವರ್ಷದ ಕಾಯುವಿಕೆಯನ್ನು ತಗ್ಗಿಸಲು ಪೌರತ್ವ ಕಾಯ್ದೆಗೆ ತಿದ್ದುಪಡಿ ಬೇಕು, ನಿಜ. ಆದರೆ ಭಾರತೀಯ ಪ್ರಜೆಯ ಪತಿ ಅಥವಾ ಪತ್ನಿಗೆ ಶುಲ್ಕವಿಲ್ಲದ ಪ್ರವೇಶ ವೀಸಾ, ಅರ್ಜಿ ವಿಲೇವಾರಿಗೆ ನಿಗದಿತ ದಿನಗಳು, ನಿರಾಕರಿಸಿದರೆ ಲಿಖಿತ ಕಾರಣ, ಈ ಮೂರಕ್ಕೆ ಸಂಸತ್ತಿನವರೆಗೆ ಹೋಗಬೇಕಾಗಿಲ್ಲ. ಹಳೆಯ 1946ರ ವಿದೇಶಿಯರ ಕಾಯ್ದೆಯನ್ನು ತೆಗೆದುಹಾಕಿ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆಯು ನಿಯಮಗಳನ್ನು ರಚಿಸುವ ವಿಶಾಲ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಗೆ ಕೊಟ್ಟಿದೆ. ಗೃಹ ಸಚಿವಾಲಯದ ಒಂದು ಅಧಿಸೂಚನೆ ಸಾಕು.