ಪೆಟ್ಟಿಗೆಯ ಮೇಲೆ ಬರೆಯದ ಸಂಖ್ಯೆ

2023ರ ದಸರೆ ರಜೆ ಮುಗಿದ ವಾರ. ಒಂಬತ್ತನೇ ತರಗತಿಯ ಹುಡುಗನೊಬ್ಬ ತನ್ನ ತಂದೆಯ ಜೊತೆ ನಮ್ಮ ಮನೆಗೆ ಬಂದ. ಕೈಯಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆ. ಅದರ ಮೇಲೆ ಶನಿಗ್ರಹದ ಬಣ್ಣದ ಚಿತ್ರ, ಪಕ್ಕದಲ್ಲಿ ದಪ್ಪಕ್ಷರಗಳಲ್ಲಿ ‘525 ಪಟ್ಟು’.

“ಸಾರ್, ನಾಲ್ಕು ರಾತ್ರಿಯಿಂದ ನೋಡ್ತಿದೀನಿ. ಬರೀ ಮಬ್ಬು. ನನ್ನ ಕಣ್ಣೇ ಸರಿಯಿಲ್ಲ ಅನ್ಸುತ್ತೆ” ಎಂದ ಹುಡುಗ.

“ಚೀಟಿ ಎತ್ತಿದ ದುಡ್ಡು ಮೇಷ್ಟ್ರೇ. ಇದನ್ನ ಅಟ್ಟಕ್ಕೆ ಹಾಕ್ಲೋ, ಇವನನ್ನ ಕಣ್ಣಿನ ಡಾಕ್ಟ್ರಿಗೆ ತೋರಿಸ್ಲೋ, ನೀವೇ ಹೇಳಿ” ಎಂದರು ತಂದೆ.

ಪೆಟ್ಟಿಗೆ ಬಿಚ್ಚಿದೆವು. ಒಳಗೆ 60 ಮಿ.ಮೀ. ಅಗಲದ ಮಸೂರವಿದ್ದ ದೂರದರ್ಶಕ. ಆ ಮಸೂರದ ಸಂಗಮದೂರ 700 ಮಿ.ಮೀ. ಕಣ್ಣಿಟ್ಟು ನೋಡುವ ತುದಿಗೆ ಸಿಕ್ಕಿಸಲು 20 ಮತ್ತು 4 ಮಿ.ಮೀ. ಸಂಗಮದೂರದ ಎರಡು ಐಪೀಸುಗಳು, ಜೊತೆಗೆ ಮೂರು ಪಟ್ಟಿನ ಬಾರ್ಲೋ ಮಸೂರ. 700ನ್ನು 4ರಿಂದ ಭಾಗಿಸಿದರೆ 175, ಮೂರರಿಂದ ಗುಣಿಸಿದರೆ 525. ಪೆಟ್ಟಿಗೆಯವರು ಸುಳ್ಳು ಬರೆದಿರಲಿಲ್ಲ. ಬರೆಯಬೇಕಾಗಿದ್ದ ಇನ್ನೊಂದು ಸಂಖ್ಯೆಯನ್ನು ಬಿಟ್ಟಿದ್ದರು, ಅಷ್ಟೆ.

ಆ ಸಂಖ್ಯೆಗೆ ‘ನಿರ್ಗಮ ಪಾಪೆ’ ಎನ್ನೋಣ. ನಮ್ಮ ಕಣ್ಣಿಗೆ ಬೆಳಕು ಒಳಹೋಗುವ ಕಪ್ಪು ರಂಧ್ರ ಪಾಪೆ ತಾನೆ? ಹಾಗೆಯೇ ದೂರದರ್ಶಕದ ಮುಂದಿನ ಮಸೂರ ಸಂಗ್ರಹಿಸಿದ ಬೆಳಕೆಲ್ಲ ಐಪೀಸಿನ ಹಿಂದೆ ಒಂದು ಪುಟ್ಟ ವೃತ್ತದ ಮೂಲಕ ಹೊರಬರುತ್ತದೆ. ಹದಿನೆಂಟನೇ ಶತಮಾನದ ಇಂಗ್ಲಿಷ್ ಉಪಕರಣ ತಯಾರಕ ಜೆಸ್ಸಿ ರಾಮ್ಸ್‌ಡೆನ್‌ನ ಹೆಸರಿನಲ್ಲಿ ಇದನ್ನು ರಾಮ್ಸ್‌ಡೆನ್ ಬಿಲ್ಲೆ ಎಂದೂ ಕರೆಯುತ್ತಾರೆ. ಲೆಕ್ಕ ಸುಲಭ. ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಆಯಿತು.

60ನ್ನು 525ರಿಂದ ಭಾಗಿಸು ಎಂದೆ. ಹುಡುಗ ಬಾಯಲ್ಲೇ ಮಾಡಲು ಹೋಗಿ ಸೋತು ಕಾಗದ ಕೇಳಿದ. 0.11 ಮಿ.ಮೀ.! ಕೂದಲೆಳೆಯಷ್ಟು ಸಣ್ಣ ಬೆಳಕಿನ ಕಡ್ಡಿ. ಕತ್ತಲಲ್ಲಿ ಹುಡುಗರ ಪಾಪೆ ಸುಮಾರು 7 ಮಿ.ಮೀ. ಅರಳಿರುತ್ತದೆ. ಅಷ್ಟು ದೊಡ್ಡ ಬಾಗಿಲಿಗೆ ಇಷ್ಟು ಬೆಳಕು ಎಲ್ಲಿ ಸಾಕು?

ಈಗ 20 ಮಿ.ಮೀ. ಐಪೀಸನ್ನು ಮಾತ್ರ ಹಾಕಿ, ಬಾರ್ಲೋ ಬೇಡ. ವರ್ಧನೆ 35, ನಿರ್ಗಮ ಪಾಪೆ 1.7 ಮಿ.ಮೀ. ಬಿಂಬದ ಉಜ್ವಲತೆ ನಿರ್ಗಮ ಪಾಪೆಯ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 525ನ್ನು 35ರಿಂದ ಭಾಗಿಸಿದರೆ 15, ಅದರ ವರ್ಗ 225. ಅಂದರೆ ಹುಡುಗ ನಾಲ್ಕು ರಾತ್ರಿ ನೋಡಿದ್ದು 225 ಪಟ್ಟು ಮಸುಕಾದ ಚಿತ್ರವನ್ನು! ನಿರ್ಗಮ ಪಾಪೆ ಅರ್ಧ ಮಿ.ಮೀ.ಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ಲಾಭವಿಲ್ಲ. ಮಸುಕು ಹೆಚ್ಚುತ್ತದೆ, ನಮ್ಮ ಕಣ್ಣೊಳಗೇ ತೇಲುವ ಕಣಗಳು ಅಡ್ಡ ಬರುತ್ತವೆ. ಈ ಲೆಕ್ಕದಲ್ಲಿ 60 ಮಿ.ಮೀ. ದೂರದರ್ಶಕಕ್ಕೆ 120 ಪಟ್ಟೇ ಮಿತಿ. ಗ್ರಹಗಳಿಗೆ ಸುಮಾರು 1 ಮಿ.ಮೀ., ನೀಹಾರಿಕೆಗಳಂಥ ಮಂಕು ವಸ್ತುಗಳಿಗೆ 2ರಿಂದ 5 ಮಿ.ಮೀ. ಒಳ್ಳೆಯದು.

ಹಾಗಾದರೆ ಇನ್ನೂ ದೊಡ್ಡದಾದರೆ ಇನ್ನೂ ಒಳ್ಳೆಯದೇ? ಇಲ್ಲ. ಕೊಡದಿಂದ ಬಾಟಲಿಗೆ ನೀರು ಸುರಿಯುವಾಗ ಧಾರೆ ಬಾಟಲಿಯ ಬಾಯಿಗಿಂತ ದಪ್ಪವಾದರೆ ಹೊರಗೆ ಚೆಲ್ಲುತ್ತದಲ್ಲ, ಹಾಗೆ. ಇಲ್ಲಿ ತಂದೆತಾಯಿಗಳಿಗೂ ಒಂದು ಮಾತಿದೆ. ವಯಸ್ಸಾದಂತೆ ಪಾಪೆ ಮೊದಲಿನಷ್ಟು ಅರಳುವುದಿಲ್ಲ. ಐವತ್ತು ದಾಟಿದ ನನ್ನಂಥವರದು ಸುಮಾರು 5 ಮಿ.ಮೀ. ಎಂದಿಟ್ಟುಕೊಳ್ಳಿ. 7×50 ಬೈನಾಕ್ಯುಲರಿನ ನಿರ್ಗಮ ಪಾಪೆ 7.1 ಮಿ.ಮೀ. ಅದರ ಅರ್ಧದಷ್ಟು ಬೆಳಕು ನನ್ನ ಕಣ್ಣಿನ ಹೊರಗೇ ಉಳಿಯುತ್ತದೆ. ನನ್ನ ಪಾಲಿಗೆ ಅದು 7×35. ಅದೇ ಬೈನಾಕ್ಯುಲರಿನಲ್ಲಿ ಮಗ “ಅಲ್ಲೊಂದು ಮಂಕು ನಕ್ಷತ್ರ” ಎಂದರೆ, ನಿಮಗೆ ಕಾಣಲಿಲ್ಲವೆಂದು ಅವನನ್ನು ಗದರಬೇಡಿ.

ಕಾವಲೂರಿನ ವೈಣು ಬಾಪು ದೂರದರ್ಶಕದ ಕನ್ನಡಿಗೆ 2.3 ಮೀಟರಿಗೂ ಹೆಚ್ಚು ವ್ಯಾಸ. ಅದಕ್ಕೆ ಐಪೀಸು ಹಾಕಿ ನೋಡುವುದಾದರೆ, ಬೆಳಕೆಲ್ಲ 7 ಮಿ.ಮೀ. ಪಾಪೆಯೊಳಗೆ ಹಿಡಿಸಲು ಕನಿಷ್ಠ 330 ಪಟ್ಟು ವರ್ಧನೆ ಬೇಕು. ದೊಡ್ಡವರ ಮನೆಯ ಲೆಕ್ಕವೇ ಬೇರೆ!

ನಿಮ್ಮ ಮನೆಯ ಬೈನಾಕ್ಯುಲರನ್ನೋ ದೂರದರ್ಶಕವನ್ನೋ ಹಗಲು ಬೆಳಗಿನ ಆಕಾಶದ ಕಡೆ ತಿರುಗಿಸಿ. ಸೂರ್ಯನಿರುವ ದಿಕ್ಕಿಗೆ ಖಂಡಿತ ಬೇಡ, ಕ್ಷಣಮಾತ್ರದಲ್ಲಿ ಕಣ್ಣು ಹೋದೀತು. ಒಂದು ಮೊಳ ಹಿಂದೆ ಸರಿದು ನೋಡಿದರೆ ಐಪೀಸಿನಲ್ಲಿ ಬೆಳ್ಳನೆಯ ಬಿಲ್ಲೆ ಕಾಣುತ್ತದೆ. ಅದರ ಹಿಂದೆ ಟ್ರೇಸಿಂಗ್ ಕಾಗದ ಹಿಡಿದು, ಅಂಚು ಚೂಪಾಗುವಲ್ಲಿ ಸ್ಕೇಲಿನಿಂದ ಅಳೆಯಿರಿ. ಮುಂದಿನ ಮಸೂರದ ವ್ಯಾಸವನ್ನು ಈ ಅಳತೆಯಿಂದ ಭಾಗಿಸಿದರೆ ನಿಜವಾದ ವರ್ಧನೆ ಸಿಗುತ್ತದೆ. ಪೆಟ್ಟಿಗೆಯ ಬರಹ ನಂಬಬೇಕಾಗಿಲ್ಲ.

ಆ ಸಂಜೆ ಎಂಟರ ಹೊತ್ತಿಗೆ ಪೂರ್ವದಲ್ಲಿ ಗುರುಗ್ರಹ ಸಾಕಷ್ಟು ಮೇಲೇರಿತ್ತು. ಮಹಡಿಯ ಮೇಲೆ 20 ಮಿ.ಮೀ. ಐಪೀಸು ಹಾಕಿ ತೋರಿಸಿದೆ. ಪುಟ್ಟದಾದರೂ ಅಚ್ಚುಕಟ್ಟಾದ ಬಿಲ್ಲೆ, ಪಕ್ಕದಲ್ಲಿ ಸಾಲಾಗಿ ಉಪಗ್ರಹಗಳು. ಹುಡುಗ ಕಣ್ಣು ತೆಗೆಯಲೊಲ್ಲ. “ನಂಗೂ ಸ್ವಲ್ಪ ಬಿಡೋ” ಎಂದು ತಂದೆಯೇ ಅವನನ್ನು ಪಕ್ಕಕ್ಕೆ ಸರಿಸಿದರು.

ಈ ವಾರದ ಲೆಕ್ಕ: ಮಸೂರದ ವ್ಯಾಸ 80 ಮಿ.ಮೀ., ಸಂಗಮದೂರ 400 ಮಿ.ಮೀ., ಐಪೀಸು 32 ಮಿ.ಮೀ. ನಿರ್ಗಮ ಪಾಪೆ ಎಷ್ಟು? 7 ಮಿ.ಮೀ. ಪಾಪೆಯ ಮಗಳಿಗೂ 5 ಮಿ.ಮೀ. ಪಾಪೆಯ ಅಪ್ಪನಿಗೂ ಅದು ಎಷ್ಟೆಷ್ಟು ವ್ಯಾಸದ ದೂರದರ್ಶಕವಾಗಿ ಕೆಲಸ ಮಾಡುತ್ತದೆ?