ನೆಲದಡಿಯಿಂದ ಆಕಾಶ ಕೇಳಿದ ಊರು

ಮಾಲೂರಿನಲ್ಲಿ ರೈಲು ಹತ್ತಿ ಕಂಟೋನ್ಮೆಂಟ್‌ನಲ್ಲಿ ಇಳಿಯುವಷ್ಟರಲ್ಲಿ ಒಂದು ಇಡೀ ಆಲ್ಬಂ ಕೇಳಿ ಮುಗಿಸಬಹುದು. ಈ ವಾರ ನಾನು ಹೇಳೋದು 'ದಿ ರೇಸ್ ಫಾರ್ ಸ್ಪೇಸ್' ಬಗ್ಗೆ. ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಅನ್ನೋ ಇಂಗ್ಲೆಂಡಿನ ಬ್ಯಾಂಡ್ 2015ರಲ್ಲಿ ತಂದ ಆಲ್ಬಂ ಇದು. ಒಂಬತ್ತು ಟ್ರ್ಯಾಕು, ಕಥೆ ಒಂದೇ: ಅಮೆರಿಕ, ರಷ್ಯಾ ಪೈಪೋಟಿ ಮೇಲೆ ಬಾಹ್ಯಾಕಾಶಕ್ಕೆ ಹೋದದ್ದು. ಕಾನ್ಸೆಪ್ಟ್ ಆಲ್ಬಂ ಅಂದ್ರೆ ನಮ್ಮ ಹರಿಕಥೆ ಇದ್ದಹಾಗೆ. ಹಾಡು ಬೇರೆ ಬೇರೆ ಆದರೂ ಕಥೆಯ ಎಳೆ ಕಡಿಯೋದಿಲ್ಲ.

ಇದರ ವಿಶೇಷ ಏನಪ್ಪಾ ಅಂದ್ರೆ, ಬ್ಯಾಂಡಿನವರು ಹಾಡೋದೇ ಇಲ್ಲ ಅನ್ನಬಹುದು. ಹಳೇ ಸಿನಿಮಾ ರೀಲು, ರೇಡಿಯೊ ಟೇಪುಗಳಲ್ಲಿದ್ದ ನಿಜವಾದ ದನಿಗಳನ್ನೇ ತೆಗೆದುಕೊಂಡು ಅದರ ಸುತ್ತ ಗಿಟಾರು, ಡ್ರಮ್ಸು ಕಟ್ಟಿದ್ದಾರೆ. ಮೊದಲ ಟ್ರ್ಯಾಕಿನಲ್ಲಿ 1962ರ ಕೆನಡಿ ಭಾಷಣ. 'ಗೋ!' ಟ್ರ್ಯಾಕಿನಲ್ಲಿ 1969ರಲ್ಲಿ ಚಂದ್ರನ ಮೇಲೆ ಇಳಿಯೋ ಹೊತ್ತು. ಕಂಟ್ರೋಲ್ ರೂಮಿನಲ್ಲಿ ಒಬ್ಬೊಬ್ಬರನ್ನೇ ಕೇಳ್ತಾ ಹೋಗ್ತಾರೆ, ಒಬ್ಬೊಬ್ಬರೂ 'ಗೋ' ಅಂತಾರೆ. ಪಲ್ಲವಿ ಅಂದ್ರೆ ಅಷ್ಟೇ!

ನನಗೆ ಬಹಳ ಹಿಡಿಸಿದ್ದು 'ದಿ ಅದರ್ ಸೈಡ್'. 1968ರ ಡಿಸೆಂಬರ್‌ನಲ್ಲಿ ಅಪೊಲೊ 8 ಚಂದ್ರನ ಹಿಂಬದಿಗೆ ಹೋದಾಗ ರೇಡಿಯೊ ಸಂಪರ್ಕ ನಿಂತುಹೋಗುತ್ತೆ. ಹಾಡೂ ಹೆಚ್ಚುಕಡಿಮೆ ನಿಂತೇಹೋಗುತ್ತೆ. ಆಚೆಯಿಂದ ಮತ್ತೆ ದನಿ ಸಿಕ್ಕಾಗ ಡ್ರಮ್ಸು ಏಳುತ್ತೆ ನೋಡಿ, ರೈಲಿನಲ್ಲಿ ನಿಂತುಕೊಂಡೇ ಮೈ ಜುಮ್ ಅನ್ನುತ್ತೆ.

ಇನ್ನೊಂದು ಟ್ರ್ಯಾಕು 'ಇ.ವಿ.ಎ.' 1965ರ ಮಾರ್ಚ್‌ನಲ್ಲಿ ರಷ್ಯಾದ ಲಿಯೊನೊವ್ ನೌಕೆಯಿಂದ ಹೊರಬಂದು ಸುಮಾರು 12 ನಿಮಿಷ ಬಾಹ್ಯಾಕಾಶದಲ್ಲಿ ತೇಲಿದ ಕಥೆ. ಇಲ್ಲಿಗೆ ಬಂದಾಗ ನನಗೆ ನಮ್ಮ ಕೋಲಾರ ನೆನಪಾಗುತ್ತೆ. ಅದೇ 1965ರಲ್ಲಿ ನಮ್ಮ ನೆಲದಡಿಯಲ್ಲೂ ಒಂದು ದೊಡ್ಡ ಕೆಲಸ ನಡೀತು.

ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಿಜ್ಞಾನಿಗಳು ಉಪಕರಣ ಇಟ್ಟಿದ್ದರು. ಶ್ರೀನಿವಾಸಪುರದ ಮಾವಿನ ತೋಟದವರಿಗೆ ಅರ್ಥ ಆಗೋ ಹಾಗೆ ಹೇಳೋದಾದರೆ, 1,500 ಅಡಿ ಬೋರ್‌ವೆಲ್‌ನ ಐದು ಪಟ್ಟು ಆಳ. ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗ ನ್ಯೂಟ್ರಿನೊ ಅನ್ನೋ ಕಣ ಹುಟ್ಟುತ್ತೆ. ಬೇರೆ ಕಣಗಳನ್ನೆಲ್ಲ ಬಂಡೆ ತಡೆಯುತ್ತೆ, ನ್ಯೂಟ್ರಿನೊ ಮಾತ್ರ ತೂರಿಕೊಂಡು ಬರುತ್ತೆ. ಹಾಗಾಗಿ ಅದನ್ನ ಹಿಡಿಯೋಕೆ ಆಳದ ಗಣಿಯೇ ಸರಿಯಾದ ಜಾಗ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಸೇರಿ ಅದರ ಗುರುತು ಹಿಡಿದೇಬಿಟ್ಟರು. ಜಗತ್ತಿನಲ್ಲೇ ಮೊದಲು ಅನ್ನೋ ಸಾಲಿಗೆ ಸೇರಿದ ಕೆಲಸ ಅದು. 1950ರ ದಶಕದಲ್ಲೇ ಇಲ್ಲಿ ಕಾಸ್ಮಿಕ್ ಕಿರಣಗಳ ಪ್ರಯೋಗಕ್ಕೆ ಇಳಿದವರಲ್ಲಿ ನಮ್ಮ ಬಿ.ವಿ. ಶ್ರೀಕಂಠನ್ ಕೂಡ ಇದ್ದರು.

ಇದೆಲ್ಲ ಪುಸ್ತಕದಲ್ಲಿ ಸಿಗುತ್ತೆ. ಆದರೆ ದನಿ ಎಲ್ಲಿದೆ?

ಮುಳಬಾಗಿಲಿನಲ್ಲಿರೋ ನಮ್ಮ ದೊಡ್ಡಮಾವ 2001ರಲ್ಲಿ ಗಣಿ ಮುಚ್ಚೋವರೆಗೂ ಅಲ್ಲೇ ಕೆಲಸ ಮಾಡಿದವರು. ಈಗ ಎರಡು ಮಾತು ಆಡಿದರೆ ಉಸಿರಿಗೆ ನಿಲ್ಲಬೇಕು. ಮೊನ್ನೆ ಅವರಿಗೆ 'ಗೋ!' ಕೇಳಿಸಿದೆ. "ಇದೇನು ಮಾವ, ನಿಮಗೇನಾದ್ರೂ ಗೊತ್ತಾಯ್ತಾ?" ಅಂದೆ.

"ಇಂಗ್ಲಿಷು ಗೊತ್ತಾಗಲಿಲ್ಲ. ಆದ್ರೆ ಇದು ಬೆಲ್ಲಿನ ಲೆಕ್ಕ ಇದ್ದಹಾಗೆ ಐತಲ್ಲಪ್ಪ" ಅಂದರು. ಪಂಜರದಂಥ ಲಿಫ್ಟಿಗೆ ಬೆಲ್ಲೇ ಭಾಷೆ. ಎಷ್ಟು ಸಲ ಹೊಡೆದರೆ ಇಳಿಸು, ಎಷ್ಟು ಸಲ ಹೊಡೆದರೆ ನಿಲ್ಲಿಸು ಅಂತ ಲೆಕ್ಕ. ಬಂಡೆ ಸಿಡಿದ ದಿನ ಮೇಲಿರೋರು ಏನು ಮಾಡ್ತಿದ್ರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೆಲ್ಲು ಕೇಳುತ್ತಾ ಅಂತ ಕಾಯ್ತಿದ್ವಿ" ಅಂದರು.

'ದಿ ಅದರ್ ಸೈಡ್' ಅಂದ್ರೆ ಅದೇ ಅಲ್ವಾ?

ಬ್ಯಾಂಡಿನವರ ಜಾಣತನದ ಜೊತೆಗೆ ಈ ಆಲ್ಬಂಗೆ ಇನ್ನೊಂದು ಆಸರೆ ಇತ್ತು. ಐವತ್ತು ವರ್ಷದ ಹಿಂದೆ ಯಾರೋ ರೆಕಾರ್ಡ್ ಮಾಡಿದರು, ಇನ್ಯಾರೋ ಆ ಟೇಪನ್ನ ಎಸೆಯದೆ ಇಟ್ಟುಕೊಂಡರು. ನಾಳೆ ಕೋಲಾರದ ಹುಡುಗರು ಗಿಟಾರ್ ಹಿಡಿದು ನಮ್ಮ ಗಣಿಯ ಆಲ್ಬಂ ಮಾಡ್ತೀವಿ ಅಂದ್ರೆ ಅವರ ಕೈಗೆ ಏನು ಕೊಡೋಣ? ಅದರಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕಲಸಿಕೊಂಡಿರಬೇಕು. ಕೆ.ಜಿ.ಎಫ್. ಮಾತಾಡಿದ್ದೇ ಹಾಗೆ. ಆ ಮಾತು ಬಲ್ಲವರಿಗೆ ಈಗ ವಯಸ್ಸಾಗಿದೆ.

ನಿಮ್ಮನೇಲೂ ಅಂಥ ತಾತನೋ ಮಾವನೋ ಇದ್ದರೆ ಈ ಭಾನುವಾರ ಹೋಗಿ. ಒಪ್ಪಿಗೆ ಕೇಳಿ, ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ, ಅವರ ಹತ್ತಿರ ಇಡಿ. ಫ್ಯಾನ್ ಆಫ್ ಮಾಡಿ. "ಜೀವನ ಹೇಗಿತ್ತು" ಅಂತ ಕೇಳಬೇಡಿ, "ಬೆಳಿಗ್ಗೆ ಮೊದಲು ಏನು ಸದ್ದು ಕೇಳಿಸ್ತಿತ್ತು" ಅಂತ ಕೇಳಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ರೆಕಾರ್ಡಿಂಗ್ ನಿಲ್ಲಿಸಬೇಡಿ. ಮುಗಿದ ಮೇಲೆ ಫೈಲಿಗೆ ಹೆಸರು, ಊರು, ತಾರೀಖು ಹಾಕಿ ಎರಡು ಕಡೆ ಉಳಿಸಿ.

ದೊಡ್ಡಮಾವನದು ನನ್ನ ಹತ್ತಿರ ಈಗ 19 ನಿಮಿಷ ಇದೆ. ಮುಂದಿನ ವಾರ ಬಾ, ಬೆಲ್ಲಿನ ಲೆಕ್ಕ ಪೂರ್ತಿ ಹೇಳ್ತೀನಿ ಅಂದಿದ್ದಾರೆ.